ರೈಲು ಇಳಿದ ಮೇಲೆ ಬಸ್ ಎಲ್ಲಿ? ಮಂಗಳೂರು, ಉಡುಪಿಯಲ್ಲಿ ಕೂಡದ ಎರಡು ದಾರಿ

ಕರಾವಳಿಯಲ್ಲಿ ಬಸ್ಸಿಗೆ ಬರ ಇಲ್ಲ. ಮಂಗಳೂರು–ಉಡುಪಿ ನಡುವೆ ಒಂದು ಎಕ್ಸ್‌ಪ್ರೆಸ್ ತಪ್ಪಿದರೆ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ಮಂಗಳೂರಿನ ಸಿಟಿ ಬಸ್ ನಿಲ್ದಾಣ ಸ್ಟೇಟ್‌ಬ್ಯಾಂಕಿಗೆ ಹೋಗಿ ನಿಂತರೆ ತಲಪಾಡಿ, ಸುರತ್ಕಲ್, ಮೂಡುಬಿದಿರೆ, ಬಿ.ಸಿ. ರೋಡ್, ಯಾವ ಕಡೆಗಾದರೂ ಹಗಲಿಡೀ ಬಸ್ ಉಂಟು. ರಾಜ್ಯದ ಎಷ್ಟೋ ಜಿಲ್ಲೆಗಳ ಜನರಿಗೆ ಈ ಸೌಕರ್ಯ ಇಲ್ಲ. ರೈಲೂ ಇದೆ. ಮಂಗಳೂರಿಗೆ 1907ರಲ್ಲೇ ರೈಲು ಬಂತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಉಡುಪಿ, ಕುಂದಾಪುರ, ಬೈಂದೂರಿಗೂ ಮುಂಬೈ ಹತ್ತಿರವಾಯಿತು.

ತೊಂದರೆ ಇರುವುದು ಇವೆರಡರ ನಡುವೆ. ರೈಲಿಂದ ಇಳಿದವರು ಬಸ್ಸಿನವರೆಗೆ, ಬಸ್ಸಿಂದ ಇಳಿದವರು ರೈಲಿನವರೆಗೆ ಹೋಗುವುದು ಹೇಗೆ ಅನ್ನುವುದನ್ನು ಯಾರೂ ಕೂತು ಯೋಚಿಸಿಲ್ಲ. ಮುಂಬೈಯಿಂದ ಸುಮಾರು ಒಂಬೈನೂರು ಕಿಲೋಮೀಟರು ಆರಾಮವಾಗಿ ಬಂದವರು ಕೊನೆಯ ಹತ್ತಿಪ್ಪತ್ತು ಕಿಲೋಮೀಟರಿಗೆ ಪರದಾಡುತ್ತಾರೆ. ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ, ಹೊಸ ಬಸ್ಸೂ ಅಷ್ಟಾಗಿ ಬೇಕಿಲ್ಲ. ಇರುವ ಬಸ್ಸು ಎಲ್ಲಿ ನಿಲ್ಲಬೇಕು, ಎಲ್ಲಿ ಟೈಮ್ ಕಾಯಬೇಕು ಅನ್ನುವುದನ್ನು ಬದಲಾಯಿಸಿದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯುತ್ತದೆ.

ಮೊದಲು ಮಂಗಳೂರು ಜಂಕ್ಷನ್ನನ್ನೇ ನೋಡೋಣ.

ಹಂಪನಕಟ್ಟೆ ಪಕ್ಕದ ಸೆಂಟ್ರಲ್ ಸ್ಟೇಷನ್ ಪ್ರಯಾಣಿಕರ ರೈಲುಗಳಿಗೆ ಕೊನೆಯ ನಿಲ್ದಾಣ. ಒಳಗೆ ಬಂದ ರೈಲು ಮುಂದೆ ಹೋಗಬೇಕಾದರೆ ಎಂಜಿನನ್ನು ಇನ್ನೊಂದು ತುದಿಗೆ ಹಾಕಿ ಬಂದ ದಾರಿಯಲ್ಲೇ ಹೊರಡಬೇಕು. ಹಾಗಾಗಿ ಕೇರಳದಿಂದ ಮುಂಬೈ, ದೆಹಲಿ ಕಡೆ ಹೋಗುವ ನೇತ್ರಾವತಿ, ಮಂಗಳಾದಂಥ ರೈಲುಗಳು ಸೆಂಟ್ರಲ್‌ಗೆ ಬರುವುದಿಲ್ಲ. ಅವು ನಿಲ್ಲುವುದು ಪಡೀಲ್ ಬಳಿಯ ಜಂಕ್ಷನ್‌ನಲ್ಲಿ. ಹಳಬರು ಈಗಲೂ ಅದನ್ನು ಕಂಕನಾಡಿ ಸ್ಟೇಷನ್ ಅನ್ನುತ್ತಾರೆ. ಸೆಂಟ್ರಲ್‌ನಲ್ಲಿ ಇಳಿದವರು ಸ್ವಲ್ಪ ನಡೆದರೆ ಹಂಪನಕಟ್ಟೆ, ಇನ್ನೂ ಸ್ವಲ್ಪ ನಡೆದರೆ ಸ್ಟೇಟ್‌ಬ್ಯಾಂಕ್. ಫುಟ್‌ಪಾತ್ ಸರಿ ಇಲ್ಲ ಅನ್ನುವುದು ಬಿಟ್ಟರೆ ಅಲ್ಲಿ ಹೇಗೋ ನಡೆಯುತ್ತದೆ. ಜಂಕ್ಷನ್‌ನಲ್ಲಿ ಹಾಗಲ್ಲ.

ಮಳೆಗಾಲದ ಒಂದು ಸಂಜೆ ಅಲ್ಲಿ ನಿಂತು ನೋಡಿದರೆ ಸಾಕು. ರೈಲು ಬಂದ ಐದು ನಿಮಿಷಕ್ಕೆ ಬಾಗಿಲ ಬಳಿ ಜನ ತುಂಬುತ್ತಾರೆ. ಒಂದು ಕೈಯಲ್ಲಿ ಟ್ರಾಲಿ ಬ್ಯಾಗು, ಇನ್ನೊಂದರಲ್ಲಿ ಮಗು. ಮುಂಬೈಯಿಂದ ಬಂದವರಾದರೆ ಒಂದೆರಡು ರಟ್ಟಿನ ಪೆಟ್ಟಿಗೆಯೂ ಇರುತ್ತದೆ. ಕಾರು ತರಿಸಿಕೊಂಡವರು ಕಾರು ಹತ್ತುತ್ತಾರೆ. ಉಳಿದವರು ಆಟೊ ಸಾಲಿನ ಕಡೆ ಹೋಗುತ್ತಾರೆ. ಬಸ್ ಎಲ್ಲಿ ಅಂತ ಕೇಳುವವರಿಗೆ ಸಿಗುವ ಉತ್ತರ ಒಂದೇ: ‘ಮೇನ್ ರೋಡಿಗೆ ಹೋಗ್ಬೇಕು.’ ಕೆಲವು ಬಸ್ಸು ಸ್ಟೇಷನ್ ಕಡೆಗೆ ಬರುವುದುಂಟು. ಆದರೆ ಈ ರೈಲಿನ ಹೊತ್ತಿಗೆ ಬಂದೇ ಬರುತ್ತದೆ ಅಂತ ನಂಬಿ ನಿಲ್ಲುವ ಹಾಗಿಲ್ಲ. ಬಾಗಿಲಲ್ಲಿ ಅದನ್ನು ಹೇಳುವ ಬೋರ್ಡೂ ಕಣ್ಣಿಗೆ ಬೀಳುವುದಿಲ್ಲ.

ಆ ಮೇನ್ ರೋಡ್ ಅಂದರೆ ಪಂಪ್‌ವೆಲ್‌ನಿಂದ ನಾಗುರಿ, ಪಡೀಲ್ ಮೇಲೆ ಬಿ.ಸಿ. ರೋಡಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75. ಪುತ್ತೂರು, ಧರ್ಮಸ್ಥಳ, ಸುಬ್ರಹ್ಮಣ್ಯ, ಹಾಸನ, ಬೆಂಗಳೂರು, ಯಾವ ಊರಿನ ಸರ್ಕಾರಿ ಬಸ್ಸಾದರೂ ಬಿಜೈಯ ಕೆಎಸ್ಸಾರ್ಟಿಸಿ ನಿಲ್ದಾಣದಿಂದ ಹೊರಟು ಈ ದಾರಿಯಲ್ಲೇ ಹೋಗುತ್ತದೆ. ಅಂದರೆ ಜಂಕ್ಷನ್‌ನಲ್ಲಿ ಇಳಿದವರ ಬಸ್ಸು ಅವರ ಪಕ್ಕದಲ್ಲೇ ಹಾದುಹೋಗುತ್ತದೆ. ಆದರೂ ಜನ ಏನು ಮಾಡುತ್ತಾರೆ? ಆಟೊ ಹಿಡಿದು ಊರೆಲ್ಲ ದಾಟಿ ಬಿಜೈಗೆ ಹೋಗುತ್ತಾರೆ. ಅಲ್ಲಿ ಬಸ್ ಹತ್ತಿ ಜ್ಯೋತಿ, ಕಂಕನಾಡಿ, ಪಂಪ್‌ವೆಲ್ ದಾಟಿ ಮತ್ತೆ ಅದೇ ಪಡೀಲ್‌ಗೆ ಬರುತ್ತಾರೆ. ಯಾಕೆಂದರೆ ಯಾವ ಬಸ್ ಪಡೀಲ್‌ನಲ್ಲಿ ನಿಲ್ಲುತ್ತದೆ, ಎಲ್ಲಿ ನಿಂತು ಕೈ ತೋರಿಸಬೇಕು, ಸೀಟು ಸಿಗುತ್ತದಾ ಅನ್ನುವುದು ಹೊಸಬರಿಗೆ ಗೊತ್ತಿಲ್ಲ. ಗೊತ್ತಿರುವ ಊರವರಿಗೂ ಲಗೇಜು ಹಿಡಿದು ಹೆದ್ದಾರಿ ಬದಿಯಲ್ಲಿ ನಿಲ್ಲುವ ಧೈರ್ಯ ಸಾಲದು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಖಾಸಗಿ ಬಸ್ಸೇ ಜಾಸ್ತಿ ಇರುವ ನಮ್ಮ ಕಡೆ ಅದರ ಲಾಭ ಮೊದಲೇ ಕಡಿಮೆ. ಜಂಕ್ಷನ್‌ನಲ್ಲಿ ಇಳಿದು ಪುತ್ತೂರಿಗೆ ಹೋಗುವ ಹೆಂಗಸು ಆ ಉಚಿತ ಬಸ್ಸಿಗಾಗಿ ಬಿಜೈಯವರೆಗೆ ಆಟೊ ಬಾಡಿಗೆ ಕೊಡಬೇಕು. ಪಡೀಲ್‌ನಲ್ಲಿ ಸರಿಯಾದ ಒಂದು ಸ್ಟಾಪ್ ಇದ್ದು, ಎಲ್ಲ ಸರ್ಕಾರಿ ಬಸ್ ಅಲ್ಲಿ ನಿಂತರೆ ಆ ದುಡ್ಡು ಅವರ ಕೈಯಲ್ಲೇ ಉಳಿಯುತ್ತದೆ.

ಬಸ್ ಒಳಗೆ ಯಾಕೆ ಬರುವುದಿಲ್ಲ

ಖಾಸಗಿ ಬಸ್ಸಿನವರಿಗೆ ಲಾಭ ಮಾತ್ರ ಬೇಕು, ಅದಕ್ಕೇ ಸ್ಟೇಷನ್ ಒಳಗೆ ಬರುವುದಿಲ್ಲ ಅಂತ ಹೇಳಿ ಮುಗಿಸುವವರಿದ್ದಾರೆ. ಅದು ಪೂರ್ತಿ ನ್ಯಾಯದ ಮಾತಲ್ಲ. ಬಸ್ಸಿನ ಲೆಕ್ಕ ಗೊತ್ತಾದರೆ ಯಾಕೆ ಬರುವುದಿಲ್ಲ ಅನ್ನುವುದೂ ಗೊತ್ತಾಗುತ್ತದೆ.

ನಮ್ಮ ಸಿಟಿ ಬಸ್ಸು, ಊರಿಂದೂರಿಗೆ ಹೋಗುವ ಖಾಸಗಿ ಸರ್ವಿಸ್ ಬಸ್ಸು ಓಡುವುದು ಪರ್ಮಿಟ್ ಮೇಲೆ. ಪರ್ಮಿಟ್ ಕೊಡುವುದು ಜಿಲ್ಲೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ಯಾವ ರೂಟು, ಎಲ್ಲಿಂದ ಎಷ್ಟು ಹೊತ್ತಿಗೆ ಬಿಡಬೇಕು, ಎಲ್ಲಿ ಎಷ್ಟು ಹೊತ್ತಿಗೆ ತಲುಪಬೇಕು, ಎಲ್ಲವೂ ಅದರಲ್ಲೇ ನಿಗದಿ. ಮುಂದಿನ ಬಸ್ಸಿಗೂ ಹಿಂದಿನ ಬಸ್ಸಿಗೂ ನಡುವೆ ಇರುವುದು ಕೆಲವೇ ನಿಮಿಷ. ಬೇರೆ ಬೇರೆ ಮಾಲೀಕರ ಬಸ್ಸು ಒಂದರ ಹಿಂದೆ ಒಂದು ಓಡುವಾಗ ಆ ನಿಮಿಷದಲ್ಲೇ ಕಲೆಕ್ಷನ್ ಇರುವುದು. ಟೈಮಿಂಗ್ ವಿಷಯಕ್ಕೆ ನಡುರಸ್ತೆಯಲ್ಲಿ ಜಗಳ ಆಗುವುದನ್ನು ನಾವೆಲ್ಲ ನೋಡಿದ್ದೇವೆ.

ಈಗ ಒಂದು ಬಸ್ಸು ಹೆದ್ದಾರಿ ಬಿಟ್ಟು ಸ್ಟೇಷನ್ ಒಳಗೆ ಹೋಯಿತು ಅನ್ನೋಣ. ತಿರುಗಿಸಿ ಮತ್ತೆ ಹೆದ್ದಾರಿಗೆ ಬರುವಾಗ ಐದು ನಿಮಿಷ ಆಗಿರುತ್ತದೆ. ಅಷ್ಟರಲ್ಲಿ ಹಿಂದಿನ ಬಸ್ ಮುಂದೆ ಹೋಗಿ ಮುಂದಿನ ಸ್ಟಾಪುಗಳ ಜನರನ್ನೆಲ್ಲ ತುಂಬಿಕೊಂಡಿರುತ್ತದೆ. ಒಬ್ಬ ಮಾಲೀಕ ಮಾತ್ರ ಒಳ್ಳೆಯವನಾಗಿ ಒಳಗೆ ಹೋದರೆ ನಷ್ಟ ಅವನಿಗೆ ಮಾತ್ರ. ಹಾಗಾಗಿ ಯಾರೂ ಹೋಗುವುದಿಲ್ಲ.

ಹಾಗಾದರೆ ಎಲ್ಲ ಬಸ್ಸೂ ಒಳಗೆ ಹೋಗಲೇಬೇಕು ಅಂತ ಆದೇಶ ಮಾಡಿದರೆ ಆಯ್ತಲ್ವಾ? ಅದೂ ಸರಿಯಾಗದು. ಲೆಕ್ಕಕ್ಕೆ ಒಂದು ಬಸ್ಸಿನಲ್ಲಿ 40 ಜನ ಇದ್ದಾರೆ, ಅದರಲ್ಲಿ ರೈಲಿಗೆ ಹೋಗುವವರು 4 ಜನ ಅಂತ ಇಟ್ಟುಕೊಳ್ಳಿ. ಉಳಿದ 36 ಜನರಿಗೆ ಐದೈದು ನಿಮಿಷ ಹೋದರೆ ಒಟ್ಟು 180 ನಿಮಿಷ ಹಾಳು. ನಾಲ್ಕು ಜನರಿಗೆ ಉಳಿಯುವುದು ಹತ್ತು ಹತ್ತು ನಿಮಿಷ ಅಂದರೂ 40. ಬಿ.ಸಿ. ರೋಡಿಗೆ ದಿನಾ ಕೆಲಸಕ್ಕೆ ಹೋಗುವವರಿಗೆ ಈ ಶಿಕ್ಷೆ ಯಾಕೆ?

ಹಾದುಹೋಗುವ ಬಸ್ಸು ಸ್ಟೇಷನ್ ರಸ್ತೆಯ ಬಾಯಲ್ಲಿ ನಿಲ್ಲಲಿ. ಒಳಗೆ ಬರಬೇಕಾದ್ದು ಟ್ರಿಪ್ ಮುಗಿಸುವ ಬಸ್ಸು. ಪ್ರತಿ ಬಸ್ಸೂ ಟ್ರಿಪ್ಪಿನ ತುದಿಯಲ್ಲಿ ನಿಂತು ಟೈಮ್ ಕಾಯಲೇಬೇಕು. ಡ್ರೈವರ್ ಚಾ ಕುಡಿಯುವುದು, ಕಂಡಕ್ಟರ್ ಚಿಲ್ಲರೆ ಎಣಿಸುವುದು ಆಗಲೇ. ಈಗ ಆ ಬಸ್ಸುಗಳು ರಸ್ತೆ ಬದಿಯಲ್ಲಿ, ಪೆಟ್ರೋಲ್ ಬಂಕಿನ ಮುಂದೆ, ಎಲ್ಲೆಲ್ಲೋ ನಿಲ್ಲುತ್ತವೆ. ಅದೇ ಕಾಯುವ ಹೊತ್ತನ್ನು ರೈಲ್ವೆ ಸ್ಟೇಷನ್ ಅಂಗಳದಲ್ಲಿ ಕಳೆದರೆ ಯಾರ ನಿಮಿಷವೂ ಹಾಳಾಗುವುದಿಲ್ಲ. ನಗರದ ಆ ತುದಿಯಲ್ಲಿ ಮುಗಿಯುವ ಕೆಲವು ಸಿಟಿ ರೂಟುಗಳ ಕೊನೆಯ ಸ್ಟಾಪ್ ಅನ್ನು ಜಂಕ್ಷನ್‌ಗೆ ತಂದರೆ ಅಲ್ಲಿ ಯಾವಾಗ ನೋಡಿದರೂ ಒಂದು ಬಸ್ಸು ನಿಂತಿರುತ್ತದೆ. ಇಳಿದವರಿಗೆ ಬೇಕಾಗಿರುವುದೂ ಅಷ್ಟೇ. ಮುಂಬೈಯಲ್ಲಿ ದುಡಿದು ಬಂದ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಧೇರಿ, ಕುರ್ಲಾ, ಬೊರಿವಲಿ, ಎಲ್ಲಿ ಲೋಕಲ್ ಇಳಿದರೂ ಸ್ಟೇಷನ್ ಹೊರಗೆ ಬೆಸ್ಟ್ ಬಸ್ಸು ಸಾಲಾಗಿ ನಿಂತಿರುತ್ತದೆ. ಎಷ್ಟೋ ರೂಟು ಅಲ್ಲಿಂದಲೇ ಹೊರಡುತ್ತವೆ, ಅಲ್ಲೇ ಮುಗಿಯುತ್ತವೆ.

2025ರಲ್ಲಿ ದಕ್ಷಿಣ ಕನ್ನಡದ ಜಿಲ್ಲಾಧಿಕಾರಿ ಕಚೇರಿ ಸ್ಟೇಟ್‌ಬ್ಯಾಂಕ್ ಬಳಿಯಿಂದ ಪಡೀಲ್‌ನ ಹೊಸ ಕಟ್ಟಡಕ್ಕೆ ಹೋಯಿತು. ಇದು ಬಸ್ ರೂಟುಗಳ ಲೆಕ್ಕವನ್ನೇ ಬದಲಾಯಿಸುವ ಸಂಗತಿ. ಮೊದಲು ಸ್ಟೇಟ್‌ಬ್ಯಾಂಕಿನಲ್ಲಿ ಇಳಿದು ನಡೆದು ಹೋಗುತ್ತಿದ್ದವರೆಲ್ಲ ಈಗ ಪಡೀಲ್‌ಗೆ ಹೋಗಬೇಕು. ಪಹಣಿ, ಪಿಂಚಣಿ, ಅರ್ಜಿ ಅಂತ ಬರುವ ವಯಸ್ಸಾದವರು ಇದರಲ್ಲಿ ಜಾಸ್ತಿ. ಕಚೇರಿಗೆ ಹೇಗಿದ್ದರೂ ಬಸ್ ಹಾಕಬೇಕು. ಅದೇ ಬಸ್ಸನ್ನು ಸ್ವಲ್ಪ ಮುಂದೆ ತಂದು ಜಂಕ್ಷನ್‌ನಲ್ಲಿ ಮುಗಿಸಿದರೆ ಹಗಲಿಡೀ ಎರಡು ಕಡೆಯ ಜನ ಸಿಗುತ್ತಾರೆ. ರೈಲಿನ ಜನರನ್ನು ಮಾತ್ರ ನಂಬಿ ಓಡುವ ಬಸ್ಸು ರೈಲಿಲ್ಲದ ಹೊತ್ತಲ್ಲಿ ಖಾಲಿ ಓಡುತ್ತದೆ, ಆರು ತಿಂಗಳಿಗೆ ನಿಂತೂ ಹೋಗುತ್ತದೆ. ಕಚೇರಿ ಮತ್ತು ರೈಲು ಎರಡೂ ಸೇರಿದರೆ ಬಸ್ಸು ಉಳಿಯುತ್ತದೆ.

ಸ್ಟಾಪ್ ಎಲ್ಲಿರಬೇಕು

ಬಸ್ ಸ್ಟಾಪ್ ಅಂದರೆ ನಮ್ಮಲ್ಲಿ ಹೆಚ್ಚಾಗಿ ಯಾರೋ ಒಬ್ಬರು ಕೈ ತೋರಿಸಿದ ಜಾಗ. ಮರ, ಅಂಗಡಿ, ಆಸ್ಪತ್ರೆ ಗೇಟು, ಯಾವುದೋ ಒಂದು ಗುರುತಿನ ಮೇಲೆ ಸ್ಟಾಪ್ ಬೆಳೆದಿರುತ್ತದೆ. ತಂಗುದಾಣ ಬರುವುದು ಆಮೇಲೆ. ಅದನ್ನು ಕಟ್ಟುವುದು ಜಾಗ ಸಿಕ್ಕಿದಲ್ಲಿ, ಇಲ್ಲವೇ ಜಾಹೀರಾತು ಕಾಣುವಲ್ಲಿ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಮಂಗಳೂರಿಗೆ ಹೊಸ ತಂಗುದಾಣಗಳು ಬಂದವು. ನೋಡಲು ಚೆಂದ. ಆದರೆ ಬಸ್ಸು ಅದರ ಮುಂದೆಯೇ ನಿಲ್ಲುವ ಹಾಗೆ ಮಾಡದಿದ್ದರೆ ತಂಗುದಾಣದಲ್ಲಿ ಯಾರು ಕೂರುತ್ತಾರೆ? ಹತ್ತಿಪ್ಪತ್ತು ಹೆಜ್ಜೆ ಆಚೆ ಜನ ಬಿಸಿಲಲ್ಲಿ ನಿಂತಿರುತ್ತಾರೆ, ಬಸ್ಸೂ ಅಲ್ಲೇ ನಿಲ್ಲುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರಿದು. ಎತ್ತರದ ಮಾಡು, ಮೂರು ಬದಿ ಬಯಲು ಇರುವ ತಂಗುದಾಣದಲ್ಲಿ ಜುಲೈ ತಿಂಗಳ ಎರಚಲಿಗೆ ಒಳಗಿದ್ದವರೂ ಒದ್ದೆ, ಹೊರಗಿದ್ದವರೂ ಒದ್ದೆ.

ಜಾಗ ಆರಿಸುವುದಕ್ಕೆ ಒಂದು ಕ್ರಮ ಇದೆ. ಸರ್ಕಲ್ಲಿಗೆ ಅಥವಾ ಸಿಗ್ನಲ್ಲಿಗೆ ಮೊದಲೇ ಬಸ್ ನಿಂತರೆ ಏನಾಗುತ್ತದೆ ನೋಡಿ. ಹಸಿರು ದೀಪ ಬಂದಾಗ ಬಸ್ಸು ಇನ್ನೂ ಜನರನ್ನು ಹತ್ತಿಸುತ್ತಿರುತ್ತದೆ. ಹಿಂದಿನ ವಾಹನಗಳೆಲ್ಲ ನಿಲ್ಲುತ್ತವೆ. ಎಡಕ್ಕೆ ತಿರುಗಬೇಕಾದ ಸ್ಕೂಟರಿನವರು ಬಸ್ಸಿನ ಬಾಗಿಲಿಗೂ ಫುಟ್‌ಪಾತಿಗೂ ನಡುವೆ ನುಗ್ಗುತ್ತಾರೆ, ಇಳಿಯುತ್ತಿರುವವರಿಗೆ ತಾಗುತ್ತದೆ. ಬಸ್ಸು ಹೊರಡುವಾಗ ಮತ್ತೆ ಕೆಂಪು. ಅದೇ ಸರ್ಕಲ್ ದಾಟಿ ನಿಂತರೆ ಸಿಗ್ನಲ್ ಹಿಂದೆ ಉಳಿಯಿತು, ರಸ್ತೆ ಖಾಲಿ ಇರುವ ಹೊತ್ತು ನೋಡಿ ಹೊರಡಬಹುದು. ಇಳಿದವರು ಬಸ್ಸಿನ ಹಿಂದಿನಿಂದ ರಸ್ತೆ ದಾಟುತ್ತಾರೆ, ಬರುವ ವಾಹನ ಅವರಿಗೆ ಕಾಣುತ್ತದೆ. ಹೀಗಾಗಿ ಸಾಮಾನ್ಯವಾಗಿ ಸರ್ಕಲ್ ದಾಟಿದ ಮೇಲೆ ಸ್ಟಾಪ್ ಇರುವುದೇ ಒಳ್ಳೆಯದು.

ಆದರೆ ನಮ್ಮ ಊರಿಗೆ ಈ ನಿಯಮವನ್ನು ಹಾಗೇ ತಂದು ಹಾಕಿದರೆ ಸಾಲದು. ಇಲ್ಲಿ ಬಸ್ಸು ಒಂಟಿಯಾಗಿ ಬರುವುದಿಲ್ಲ. ಎರಡು, ಕೆಲವೊಮ್ಮೆ ಮೂರು ಬಸ್ಸು ಒಟ್ಟಿಗೇ ಬರುತ್ತವೆ. ಸರ್ಕಲ್ ದಾಟಿದ ಕೂಡಲೇ ಮುಂದಿನ ಬಸ್ ನಿಂತರೆ ಹಿಂದಿನದರ ಬಾಲ ಸರ್ಕಲ್ ಒಳಗೇ ಉಳಿಯುತ್ತದೆ. ಒಂದು ಬಸ್ಸಿಗೆ ಹತ್ತು, ಹನ್ನೆರಡು ಮೀಟರು ಬೇಕು. ಮೂರು ಬಸ್ಸಿಗೆ ಜಾಗ ಬಿಟ್ಟು, ಅದರಾಚೆ ಸ್ಟಾಪ್ ಗುರುತು ಮಾಡಬೇಕು. ಹಂಪನಕಟ್ಟೆ, ಜ್ಯೋತಿ, ಪಂಪ್‌ವೆಲ್ ಸುತ್ತ ಈ ಲೆಕ್ಕ ಹಾಕದೆ ‘ಇಲ್ಲಿ ನಿಲ್ಲಿಸಬೇಡಿ’ ಅಂತ ಬೋರ್ಡು ಹಾಕಿದರೆ ಪ್ರಯೋಜನ ಇಲ್ಲ.

ಹೆದ್ದಾರಿಗೆ ಬೇರೆಯೇ ಲೆಕ್ಕ. ಊರ ಹೊರಗಿನ ಹೆದ್ದಾರಿ ಬಸ್ ಸ್ಟಾಪುಗಳ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1981ರಲ್ಲೇ ಒಂದು ಮಾನದಂಡ ಮಾಡಿದೆ. ದೊಡ್ಡ ಕೂಡುರಸ್ತೆಯಿಂದ 300 ಮೀಟರ್ ದೂರ ಇದ್ದರೆ ಒಳ್ಳೆಯದು, ಸಣ್ಣ ಕೂಡುರಸ್ತೆಯಾದರೆ 60 ಮೀಟರ್ ಸಾಕು ಅನ್ನುತ್ತದೆ ಅದು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ ಅಂತ ಒಂದೊಂದೇ ಊರು ನೋಡುತ್ತಾ ಹೋದರೆ ಈ ಲೆಕ್ಕ ಎಲ್ಲಿದೆ ಅಂತ ಹುಡುಕಬೇಕು. ಎಕ್ಸ್‌ಪ್ರೆಸ್ ಬಸ್ಸು ಸರ್ವಿಸ್ ರಸ್ತೆಗೆ ಇಳಿದರೆ ಮತ್ತೆ ಮೇಲೆ ಬರಲು ಹೊತ್ತು ಹೋಗುತ್ತದೆ. ಹಾಗಾಗಿ ವಾಹನಗಳು ರಭಸದಿಂದ ಓಡುವ ಮುಖ್ಯ ರಸ್ತೆಯ ಅಂಚಿನಲ್ಲೇ ನಿಲ್ಲಿಸಿ ಜನರನ್ನು ಇಳಿಸುತ್ತಾರೆ. ಬೆಳಿಗ್ಗೆ ಒಂದು ಬದಿಯಲ್ಲಿ ಹತ್ತಿದವರು ಸಂಜೆ ಇನ್ನೊಂದು ಬದಿಯಲ್ಲಿ ಇಳಿದು ನಾಲ್ಕು ಪಥ ದಾಟಬೇಕು. ಸ್ಟಾಪ್ ಎಲ್ಲಿ ಅನ್ನುವ ಪ್ರಶ್ನೆಯ ಜೊತೆಗೆ ರಸ್ತೆ ದಾಟುವುದು ಎಲ್ಲಿ ಅನ್ನುವುದನ್ನೂ ಕೇಳದಿದ್ದರೆ ಹೀಗೇ ಆಗುವುದು.

ಇಲ್ಲೇ ಒಂದು ನಿಜವಾದ ಇಕ್ಕಟ್ಟು ಇದೆ. ರಸ್ತೆ ಎಂಜಿನಿಯರ್ ಹೇಳುವುದು ಕೂಡುರಸ್ತೆಯಿಂದ ದೂರ ಇಡಿ ಅಂತ. ರೈಲಿಂದ ಬಂದವರಿಗೆ ಬೇಕಾಗಿರುವುದು ಕೂಡುರಸ್ತೆಯ ಪಕ್ಕದಲ್ಲೇ. ಇಬ್ಬರೂ ಹೇಳುವುದು ಸರಿ. ಜಂಕ್ಷನ್ ರಸ್ತೆ ಹೆದ್ದಾರಿಗೆ ಸೇರುವ ಕಡೆಯನ್ನು ಸಣ್ಣ ಕೂಡುರಸ್ತೆ ಅಂತ ಲೆಕ್ಕ ಹಾಕಿ, 60 ಮೀಟರಿನ ಆಸುಪಾಸಿನಲ್ಲಿ ಎರಡೂ ಬದಿ ಬಸ್ ಬೇ, ಅಂದರೆ ಬಸ್ಸು ರಸ್ತೆಯಿಂದ ಬದಿಗೆ ಸರಿದು ನಿಲ್ಲುವ ಜಾಗ, ಮಾಡಬಹುದು. ಆದರೆ ಸ್ಟೇಷನ್ ಬಾಗಿಲಿಂದ ಅಲ್ಲಿಯವರೆಗೆ ಟ್ರಾಲಿ ಎಳೆಯುವಂಥ ಫುಟ್‌ಪಾತ್ ಬೇಕು. ದೀಪ ಬೇಕು. ಚರಂಡಿಯ ಕಲ್ಲು ಎದ್ದಿರಬಾರದು. ಸಾಲು ಆಟೊ, ನಿಲ್ಲಿಸಿಟ್ಟ ಬೈಕು ನಡುವೆ ತೂರಿಕೊಂಡು ಹೋಗುವ ಹಾಗಿರಬಾರದು. ನನ್ನ ಪ್ರಕಾರ ಹೊಸ ತಂಗುದಾಣಕ್ಕಿಂತ ಈ ನಡೆಯುವ ದಾರಿಗೆ ಮೊದಲು ದುಡ್ಡು ಹಾಕಬೇಕು.

ಉಡುಪಿಯ ಕಥೆ

ಉಡುಪಿ ಸ್ಟೇಷನ್ ಇರುವುದು ಇಂದ್ರಾಳಿಯಲ್ಲಿ. ಕೊಂಕಣ ರೈಲ್ವೆಯ ಹಳಿ ನೇರ, ಏರುಪೇರು ಕಡಿಮೆ ಇರುವ ದಾರಿ ಹುಡುಕುತ್ತಾ ಊರುಗಳಿಂದ ಪೂರ್ವಕ್ಕೆ ಸರಿದು ಹೋಗಿದೆ. ಪೇಟೆಗಳೆಲ್ಲ ಹೆದ್ದಾರಿಯ ಮೇಲಿವೆ, ಸ್ಟೇಷನ್‌ಗಳು ಒಳಗಿವೆ. ಕುಂದಾಪುರದ ಸ್ಟೇಷನ್ ಪೇಟೆಯಿಂದ ದೂರ, ಮೂಡ್ಲಕಟ್ಟೆಯಲ್ಲಿ. ಬೈಂದೂರಿನ ಸ್ಟೇಷನ್ನಿಗೆ ಮೂಕಾಂಬಿಕಾ ರೋಡ್ ಅಂತ ಹೆಸರು. ಅಲ್ಲಿ ಇಳಿದ ಯಾತ್ರಿಕರಿಗೆ ಕೊಲ್ಲೂರು ಇನ್ನೂ ಇಪ್ಪತ್ತೈದು ಕಿಲೋಮೀಟರಿಗಿಂತ ಜಾಸ್ತಿ.

ಇವೆಲ್ಲದರಲ್ಲಿ ಉಡುಪಿಯೇ ಅದೃಷ್ಟ ಮಾಡಿದ ಊರು. ಉಡುಪಿ–ಮಣಿಪಾಲ ರಸ್ತೆ ಇಂದ್ರಾಳಿಯಲ್ಲಿ ಹಳಿಯ ಮೇಲೇ ಹೋಗುತ್ತದೆ. ಜಿಲ್ಲೆಯಲ್ಲಿ ಅತಿ ಹೆಚ್ಚು ಸಿಟಿ ಬಸ್ ಓಡುವ ರಸ್ತೆಗಳಲ್ಲಿ ಅದೂ ಒಂದು. ಮಣಿಪಾಲದ ಆಸ್ಪತ್ರೆಗೆ ಬರುವ ರೋಗಿಗಳು, ಕಾಲೇಜಿನ ಮಕ್ಕಳು, ಕೃಷ್ಣಮಠದ ಯಾತ್ರಿಕರು, ಎಲ್ಲರಿಗೂ ಆ ಬಸ್ಸೇ ಸಾಕು. ಆದರೆ ಬಸ್ಸು ನಿಲ್ಲುವುದು ಮೇಲೆ ಮುಖ್ಯ ರಸ್ತೆಯಲ್ಲಿ, ಸ್ಟೇಷನ್ ಇರುವುದು ಒಳಗೆ. ನಡುವಿನ ದಾರಿ ಹಗಲಲ್ಲಿ ಗಟ್ಟಿಗರಿಗೆ ಏನೂ ಅಲ್ಲ. ಡಯಾಲಿಸಿಸ್‌ಗೆ ಬಂದವರಿಗೆ, ಮೊಣಕಾಲು ನೋವಿನ ಅಮ್ಮಂದಿರಿಗೆ, ಹೆರಿಗೆಗೆ ತವರಿಗೆ ಬಂದ ಮಗಳಿಗೆ ಅದು ದೊಡ್ಡ ದೂರ. ಇಂದ್ರಾಳಿ ಸೇತುವೆಯ ಕೆಲಸ ವರ್ಷಗಟ್ಟಲೆ ಎಳೆದಾಗ ಅಲ್ಲಿ ಏನಾಯಿತು ಅಂತ ಉಡುಪಿಯವರಿಗೆ ನಾನು ಹೇಳಬೇಕಿಲ್ಲ. ಸೇತುವೆಯ ಬಗ್ಗೆ ಧರಣಿ ಆಯಿತು, ಸುದ್ದಿ ಆಯಿತು. ಬಸ್ಸಿಂದ ಸ್ಟೇಷನ್‌ವರೆಗಿನ ಕಾಲುದಾರಿಯ ಬಗ್ಗೆ ಅಷ್ಟು ಮಾತಾಗಲಿಲ್ಲ.

ಇಲ್ಲೂ ಅದೇ ಉಪಾಯ ನಡೆಯುತ್ತದೆ. ಮಣಿಪಾಲಕ್ಕೆ ಹೋಗುವ ಎಲ್ಲ ಬಸ್ಸನ್ನು ಒಳಗೆ ತರುವುದು ಬೇಡ. ಕೆಲವು ಟ್ರಿಪ್ಪುಗಳು ಸ್ಟೇಷನ್‌ನಲ್ಲೇ ಹುಟ್ಟಿ ಸ್ಟೇಷನ್‌ನಲ್ಲೇ ಮುಗಿಯಲಿ. ಒಂದು ಕಡೆ ಸಿಟಿ ಬಸ್ ನಿಲ್ದಾಣದ ಮೂಲಕ ಬನ್ನಂಜೆಯ ಸರ್ಕಾರಿ ನಿಲ್ದಾಣಕ್ಕೆ, ಇನ್ನೊಂದು ಕಡೆ ಮಣಿಪಾಲದ ಟೈಗರ್ ಸರ್ಕಲ್‌ಗೆ. ಉಡುಪಿಯಲ್ಲಿ ಸಿಟಿ, ಸರ್ವಿಸ್, ಸರ್ಕಾರಿ ಅಂತ ನಿಲ್ದಾಣಗಳೇ ಬೇರೆ ಬೇರೆ ಇರುವಾಗ ಇವನ್ನೆಲ್ಲ ಹೆಣೆಯುವ ಒಂದು ರೂಟು ಬೇಕೇ ಬೇಕು. ನರ್ಮ್ ಬಸ್ಸುಗಳು, ಅಂದರೆ ಕೇಂದ್ರದ ನಗರ ಯೋಜನೆಯ ಸರ್ಕಾರಿ ಸಿಟಿ ಬಸ್ಸುಗಳು, ಬಂದಾಗ ಜನ ಅವನ್ನು ಎಷ್ಟು ಹಚ್ಚಿಕೊಂಡರು ಅನ್ನುವುದು ನೆನಪಿದೆ. ಸ್ಟೇಷನ್‌ಗೆ ನಿಗದಿಯಾಗಿ ಬರುವ ಬಸ್ಸಿಗೂ ಜನ ಸಿಗುತ್ತಾರೆ, ಆದರೆ ಅದು ಬರುತ್ತದೆ ಅನ್ನುವ ನಂಬಿಕೆ ಹುಟ್ಟುವವರೆಗೆ ಕೆಲವು ತಿಂಗಳು ಬಿಡದೆ ಓಡಿಸಬೇಕು.

ಕಷ್ಟ ಇರುವುದು ರಾತ್ರಿಯ ರೈಲಿಗೆ. ಬೆಂಗಳೂರು–ಕಾರವಾರದ ಪಂಚಗಂಗಾ 2020ರಲ್ಲಿ ಶುರುವಾಯಿತು. ಅದು ಮಂಗಳೂರಿನ ಎರಡೂ ದೊಡ್ಡ ಸ್ಟೇಷನ್‌ಗಳಿಗೆ ಬಾರದೆ ಪಡೀಲ್ ಬೈಪಾಸಿನಲ್ಲಿ ನೇರ ಹೋಗುತ್ತದೆ, ಹಾಗಾಗಿ ಉಡುಪಿ, ಕುಂದಾಪುರಕ್ಕೆ ಬೇಗ ಮುಟ್ಟುತ್ತದೆ. ಎಷ್ಟು ಬೇಗ ಅಂದರೆ ಊರಿನ ಮೊದಲ ಬಸ್ಸು ಎದ್ದೇ ಇರುವುದಿಲ್ಲ. ಬೆಳಗಿನ ಜಾವ ಇಳಿದವರು ಬೆಳಗಾಗುವವರೆಗೆ ಪ್ಲಾಟ್‌ಫಾರ್ಮಿನಲ್ಲಿ ಕೂರಬೇಕು, ಇಲ್ಲವೇ ಆಟೊದವರು ಹೇಳಿದ ಬಾಡಿಗೆ ಕೊಡಬೇಕು. ಇಂಥ ರೈಲಿಗೆ ಮಾತ್ರ ರೈಲಿನ ಟೈಮಿಗೇ ಕಟ್ಟಿದ ಬಸ್ಸು ಬೇಕು. ಒಂದೇ ಬಸ್ಸು ಸಾಕು. ರೈಲು ತಡವಾದರೆ ಅದೂ ಕಾಯುವ ಹಾಗಿರಬೇಕು. ಖಾಸಗಿಯವರಿಗೆ ಇದು ಗಿಟ್ಟದು. ಇದು ಸರ್ಕಾರಿ ಬಸ್ಸಿನ ಕೆಲಸ.

ಹಗಲಲ್ಲಿ ಹಾಗೆ ಒಂದೊಂದು ರೈಲಿಗೆ ಒಂದೊಂದು ಬಸ್ಸು ಕಟ್ಟಲು ಹೋಗಬಾರದು. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಜೂನ್‌ನಲ್ಲಿ ರೈಲುಗಳ ವೇಗ ಇಳಿಸಿ ಟೈಮ್ ಬದಲಾಯಿಸುತ್ತಾರೆ, ಅಕ್ಟೋಬರ್‌ನಲ್ಲಿ ಮತ್ತೆ ಮೊದಲಿನ ಹಾಗೆ. ಬಸ್ಸಿನ ಟೈಮಿಂಗ್ ಬದಲಾಗಬೇಕಾದರೆ ಅರ್ಜಿ, ಬೇರೆ ಮಾಲೀಕರ ಆಕ್ಷೇಪ, ಪ್ರಾಧಿಕಾರದ ಸಭೆ ಎಲ್ಲ ಆಗಬೇಕು. ಅಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಹಗಲಿಗೆ ಕಾಲು ಗಂಟೆಗೊಂದು ಬಸ್ಸು ಇದ್ದರೆ ರೈಲು ಎಷ್ಟೊತ್ತಿಗೆ ಬಂದರೂ ಚಿಂತೆ ಇಲ್ಲ.

ಕೇಳಬೇಕಾದ್ದು ಯಾರನ್ನು

ಮಂಗಳೂರಿನ ಸುತ್ತ ಮೂರು ರೈಲ್ವೆ ಕೂಡುತ್ತವೆ. ಸೆಂಟ್ರಲ್ ಮತ್ತು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿದ್ದು. ಪಡೀಲ್‌ನಿಂದ ಹಾಸನದ ಕಡೆ ಹೋಗುವ ಹಳಿ ನೈರುತ್ಯ ರೈಲ್ವೆಯ ಮೈಸೂರು ವಿಭಾಗದ್ದು. ತೋಕೂರಿನಿಂದ ಉತ್ತರಕ್ಕೆ ಕೊಂಕಣ ರೈಲ್ವೆ, ಅದರ ಕಚೇರಿ ನವಿ ಮುಂಬೈಯಲ್ಲಿ. ಇತ್ತ ಹೆದ್ದಾರಿ ಪ್ರಾಧಿಕಾರ, ಮಹಾನಗರ ಪಾಲಿಕೆ, ಕೆಎಸ್ಸಾರ್ಟಿಸಿ, ಟ್ರಾಫಿಕ್ ಪೊಲೀಸರು, ನೂರಾರು ಬಸ್ ಮಾಲೀಕರು. ಸ್ಟೇಷನ್ ಅಂಗಳದೊಳಗೆ ರೈಲ್ವೆಯ ಮಾತು, ಗೇಟು ದಾಟಿದರೆ ಪಾಲಿಕೆಯ ಮಾತು, ಹೆದ್ದಾರಿಗೆ ಬಂದರೆ ಮತ್ತೊಬ್ಬರ ಮಾತು. ಒಂದು ಸ್ಟಾಪ್ ಸರಿಸಲು ಇಷ್ಟು ಬಾಗಿಲು ತಟ್ಟಬೇಕು ಅಂದಾಗ ಯಾರಿಗಾದರೂ ಸಾಕಾಗುತ್ತದೆ.

ಆದರೆ ಕಾನೂನಿನಲ್ಲಿ ದಾರಿ ಇಲ್ಲದೆ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಪ್ರಕಾರ ಬಸ್ಸು ಎಲ್ಲಿ ನಿಲ್ಲಬೇಕು ಅನ್ನುವುದನ್ನು ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ಸ್ಥಳೀಯ ಸಂಸ್ಥೆಯ ಜೊತೆ ಮಾತಾಡಿ ನಿಗದಿ ಮಾಡಬಹುದು. 72ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಕೊಡುವಾಗ ಪ್ರಾಧಿಕಾರ ಷರತ್ತು ಹಾಕಬಹುದು: ಪೇಟೆಯೊಳಗೆ ಗೊತ್ತು ಮಾಡಿದ ಜಾಗದಲ್ಲೇ ಜನರನ್ನು ಹತ್ತಿಸಿ ಇಳಿಸಬೇಕು, ವೇಳಾಪಟ್ಟಿ ಮತ್ತು ದರಪಟ್ಟಿಯನ್ನು ಬಸ್ಸಿನಲ್ಲೂ ಗೊತ್ತುಪಡಿಸಿದ ಸ್ಟಾಪುಗಳಲ್ಲೂ ಹಾಕಬೇಕು ಅಂತ. ಯಾವ ಸ್ಟಾಪಿನಲ್ಲಿ ವೇಳಾಪಟ್ಟಿ ನೋಡಿದ್ದೀರಿ? ಸೆಂಟ್ರಲ್, ಜಂಕ್ಷನ್, ಉಡುಪಿ ಸ್ಟೇಷನ್‌ಗಳ ಬಾಗಿಲಲ್ಲಿ ‘ಈ ಬಸ್, ಈ ಊರಿಗೆ, ಇಷ್ಟು ನಿಮಿಷಕ್ಕೊಮ್ಮೆ, ಈ ಕಡೆ ನಡೆಯಿರಿ’ ಅಂತ ಕನ್ನಡದಲ್ಲಿ, ಮಲಯಾಳಂನಲ್ಲಿ, ಹಿಂದಿಯಲ್ಲಿ ಒಂದು ಬೋರ್ಡು ಹಾಕುವುದಕ್ಕೆ ಎಷ್ಟು ಖರ್ಚು? ಚಲೋ ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆ ಅಂತ ನೋಡಬಹುದು, ನಿಜ. ಅದು ಊರಲ್ಲೇ ಇರುವವರಿಗೆ ಉಪಯೋಗ. ಕಣ್ಣೂರಿನಿಂದ ಆಸ್ಪತ್ರೆಗೆ ಬಂದವರಿಗೆ ಬೋರ್ಡು ಬೇಕು.

ಪಂಪ್‌ವೆಲ್‌ನಲ್ಲಿ ದೊಡ್ಡ ಬಸ್ ನಿಲ್ದಾಣ ಆಗುತ್ತದೆ, ಆಮೇಲೆ ಎಲ್ಲ ಸರಿ ಹೋಗುತ್ತದೆ ಅಂತ ಕೇಳಿ ಕೇಳಿ ವರ್ಷಗಳಾದವು. ಅಲ್ಲಿನ ಫ್ಲೈಓವರ್ 2020ರ ಜನವರಿಯಲ್ಲಿ ತೆರೆಯುವ ಹೊತ್ತಿಗೆ ಎಷ್ಟು ಕಾಯಬೇಕಾಯಿತು ಅನ್ನುವುದು ಗೊತ್ತಿದೆ. ನಿಲ್ದಾಣ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಸರ್ವಿಸ್ ಬಸ್ಸುಗಳನ್ನೆಲ್ಲ ಪಂಪ್‌ವೆಲ್‌ನಲ್ಲಿ ನಿಲ್ಲಿಸಿ, ಅಲ್ಲಿಂದ ಪೇಟೆಗೆ ಬೇರೆ ಬಸ್ ಹತ್ತಿ ಅಂದರೆ ಈಗ ಇಲ್ಲದ ಇನ್ನೊಂದು ಇಳಿ–ಹತ್ತು ಹುಟ್ಟುತ್ತದೆ. ಕಾಯುವ ಒಂದು ನಿಮಿಷ ಬಸ್ಸಿನಲ್ಲಿ ಕೂತ ಎರಡು ನಿಮಿಷದಷ್ಟು ಭಾರ ಅಂತ ಸಾರಿಗೆ ಯೋಜನೆ ಮಾಡುವವರು ಲೆಕ್ಕ ಹಾಕುತ್ತಾರೆ. ಬಸ್ಸು ಬದಲಾಯಿಸುವುದು ಕಡಿಮೆ ಆದಷ್ಟೂ ಒಳ್ಳೆಯದು. ಬದಲಾಯಿಸಲೇಬೇಕಾದಲ್ಲಿ, ಅಂದರೆ ರೈಲಿಂದ ಬಸ್ಸಿಗೆ, ಅದು ಹತ್ತಿರ ಇರಬೇಕು.

ಆಟೊದವರ ಮಾತನ್ನೂ ಕೇಳಬೇಕು. ರಾತ್ರಿ ಒಂಬತ್ತು ಗಂಟೆ ಕಳೆದ ಮೇಲೆ, ಸಿಟಿ ಬಸ್ ಕಡಿಮೆಯಾದ ಹೊತ್ತಿಗೆ, ಈ ಊರುಗಳ ಜನರನ್ನು ಮನೆ ಮುಟ್ಟಿಸುವವರು ಅವರೇ. ಬಸ್ ಬಂದರೆ ಬಾಡಿಗೆ ಹೋಗುತ್ತದೆ ಅನ್ನುವ ಹೆದರಿಕೆ ಸುಳ್ಳಲ್ಲ. ಆದರೆ ನಾಲ್ಕು ಪೆಟ್ಟಿಗೆ ಇರುವವರು, ವಯಸ್ಸಾದವರು, ಒಳ ರಸ್ತೆಯ ಮನೆಯವರು ಬಸ್ ಇದ್ದರೂ ಆಟೊವನ್ನೇ ಹತ್ತುತ್ತಾರೆ. ಸ್ಟೇಷನ್‌ನಲ್ಲಿ ಅವರಿಗೆ ಸರಿಯಾದ ಸಾಲು, ಮಾಡಿನ ಕೆಳಗೆ ಜಾಗ ಕೊಟ್ಟು, ಅದರ ಪಕ್ಕದಲ್ಲೇ ಬಸ್ಸಿಗೂ ಜಾಗ ಮಾಡಬೇಕು. ಮಂಗಳೂರು ಜಂಕ್ಷನ್ 2023ರಲ್ಲಿ ಅಮೃತ ಭಾರತ್ ನಿಲ್ದಾಣ ಯೋಜನೆಗೆ ಸೇರಿದೆ. ಅಂಗಳದ ನಕ್ಷೆಯಲ್ಲಿ ಕಾರ್ ಪಾರ್ಕಿಂಗಿಗೆ ಜಾಗ ಇದ್ದೇ ಇರುತ್ತದೆ. ಎರಡು ಬಸ್ಸು ನಿಲ್ಲುವ, ತಿರುಗುವ ಜಾಗ ಬೇಕು ಅಂತ ಕೇಳುವುದಾದರೆ ಕಾಂಕ್ರೀಟ್ ಹಾಕುವ ಮೊದಲೇ ಕೇಳಬೇಕು.

ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಸಭೆಗೆ ಬಸ್ ಮಾಲೀಕರು ವಕೀಲರನ್ನು ಕರೆದುಕೊಂಡು ಹೋಗುತ್ತಾರೆ. ಪ್ರಯಾಣಿಕರು ಹೋಗುವುದು ಅಪರೂಪ. ರೈಲ್ವೆ ಬಳಕೆದಾರರ ಸಂಘಟನೆಗಳು ನಮ್ಮಲ್ಲಿ ಗಟ್ಟಿಯಾಗಿವೆ. ಹೊಸ ರೈಲು, ಹೊಸ ನಿಲುಗಡೆ ಅಂತ ಎಷ್ಟೋ ವರ್ಷದಿಂದ ಬೆನ್ನು ಬಿಡದೆ ಕೇಳುತ್ತಾ ಬಂದಿವೆ. ಅದೇ ಹಟ ಬಸ್ಸಿನ ವಿಷಯದಲ್ಲೂ ಬೇಕು. ಸುಮ್ನೆ ‘ಸ್ಟೇಷನ್‌ಗೆ ಬಸ್ ಹಾಕಿ’ ಅಂತ ಮನವಿ ಕೊಟ್ಟರೆ ಅದು ಕಡತಕ್ಕೆ ಸೇರುತ್ತದೆ. ಯಾವ ರೂಟಿನ ಕೊನೆಯ ಸ್ಟಾಪ್ ಅನ್ನು ಎಲ್ಲಿಂದ ಎಲ್ಲಿಗೆ ಸರಿಸಬೇಕು, ಅದಕ್ಕೆ ಟೈಮಿಂಗಿನಲ್ಲಿ ಎಷ್ಟು ನಿಮಿಷ ಕೂಡಿಸಿ ಕೊಡಬೇಕು, ಸರ್ಕಾರಿ ಬಸ್ಸುಗಳಲ್ಲಿ ಯಾವುದು ಪಡೀಲ್‌ನಲ್ಲಿ ನಿಲ್ಲಬೇಕು, ಸ್ಟೇಷನ್‌ನಿಂದ ಸ್ಟಾಪಿನವರೆಗಿನ ಫುಟ್‌ಪಾತ್ ಯಾರ ಪಾಲಿನದು, ಇಷ್ಟನ್ನು ಬರೆದು ನಕ್ಷೆ ಸಮೇತ ಕೊಟ್ಟರೆ ಅಧಿಕಾರಿ ಹೌದು ಅಥವಾ ಇಲ್ಲ ಅಂತ ಬರೆದು ಉತ್ತರ ಕೊಡಬೇಕಾಗುತ್ತದೆ. ಇಲ್ಲ ಅಂದರೆ ಯಾಕೆ ಇಲ್ಲ ಅನ್ನುವುದನ್ನೂ ಕೇಳಬಹುದು.